ಇರುವೆ ಮನೆಗೆ ಏಕೆ ಬಂತು?

ಮಕ್ಕಳೇ, ಅಡುಗೆಮನೆಯ ಗೋಡೆಯ ಮೇಲೆ ಇರುವೆಗಳು ಸಾಲಾಗಿ ಹೋಗುವುದನ್ನು ನೀವೆಲ್ಲರೂ ನೋಡಿರುವಿರಿ. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರೆ ಅಲ್ಲಿ ಇರುವೆ. ಹಾಲಿನ ಪಾತ್ರೆಯ ಅಂಚಿನಲ್ಲಿ ಇರುವೆ. ತುರಿದಿಟ್ಟ ತೆಂಗಿನಕಾಯಿಯಲ್ಲಿ ಇರುವೆ. ಆಗ ಮನೆಯಲ್ಲಿ ಏನು ಮಾಡುತ್ತಾರೆ? ಒಬ್ಬರು ಪೊರಕೆ ತಂದು ಗುಡಿಸುತ್ತಾರೆ. ಇನ್ನೊಬ್ಬರು ಅಂಗಡಿಯಿಂದ ಇರುವೆ ಪುಡಿ ತಂದು ಉದುರಿಸುತ್ತಾರೆ. ಆ ದಿನ ಇರುವೆಗಳು ಕಾಣಿಸುವುದಿಲ್ಲ. ಎರಡು ದಿನ ಕಳೆದ ಮೇಲೆ ಅದೇ ಗೋಡೆಯ ಮೇಲೆ ಅದೇ ಸಾಲು ಮತ್ತೆ ಬರುತ್ತದೆ.

ಹೀಗೇಕೆ ಆಗುತ್ತದೆ? ನಾವು ಇರುವೆಯನ್ನು ಓಡಿಸಿದೆವು. ಆದರೆ ಇರುವೆ ಬಂದ ಕಾರಣವನ್ನು ತೆಗೆಯಲಿಲ್ಲ. ಬಂದ ಇರುವೆ ಯಾವುದು, ಅದು ಏಕೆ ಬಂತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಈ ಪಾಠದಲ್ಲಿ ಅದನ್ನೇ ತಿಳಿಯೋಣ.

ಕಂಬಂ ಕಣಿವೆಯ ಒಂದು ಊರು

ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಕಂಬಂ ಕಣಿವೆ ಇದೆ. ಅದರ ಪಶ್ಚಿಮಕ್ಕೆ ಎತ್ತರವಾದ ಬೆಟ್ಟಗಳು. ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಈ ಕಣಿವೆಯ ಗದ್ದೆ ತೋಟಗಳಿಗೆ ಹರಿದು ಬರುತ್ತದೆ. ಭತ್ತ, ಬಾಳೆ, ತೆಂಗು ಮತ್ತು ದ್ರಾಕ್ಷಿ ಇಲ್ಲಿನ ಮುಖ್ಯ ಬೆಳೆಗಳು. ಈ ಕಣಿವೆಯಲ್ಲಿ ಉತ್ತಮಪಾಳ್ಯಂ ಪಟ್ಟಣಕ್ಕೆ ಹತ್ತಿರವಾಗಿ ಹನುಮಂತನಪಟ್ಟಿ ಎಂಬ ಊರು ಇದೆ. ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ ಮಾತಾಡುವ ಕುಟುಂಬಗಳು ಈ ಕಣಿವೆಯಲ್ಲಿ ತಲೆಮಾರುಗಳಿಂದ ವಾಸಿಸುತ್ತಿವೆ.

ಇಂತಹ ಊರಿನಲ್ಲಿ ಮನೆಯ ಹಿಂದೆಯೇ ತೋಟ, ತೋಟದ ಪಕ್ಕದಲ್ಲೇ ಕಾಲುವೆ ಇರುತ್ತದೆ. ಬೆಚ್ಚಗಿನ ಹವೆ, ತೇವವಾದ ಮಣ್ಣು, ಸಿಹಿಯಾದ ಹಣ್ಣು ಎಲ್ಲವೂ ಹತ್ತಿರದಲ್ಲಿವೆ. ಇರುವೆಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇಲ್ಲಿ ಮಳೆ ಬರುತ್ತದೆ. ಆಗ ನೆಲದೊಳಗಿನ ಗೂಡುಗಳಿಗೆ ನೀರು ನುಗ್ಗುತ್ತದೆ. ಇರುವೆಗಳು ಮೊಟ್ಟೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಒಣಗಿದ ಜಾಗವನ್ನು ಹುಡುಕುತ್ತವೆ. ಹೊಸ್ತಿಲ ಕೆಳಗೆ ಒಂದು ಬಿರುಕು ಇದ್ದರೆ ಸಾಕು, ಒಳಗೆ ಬರುತ್ತವೆ. ಬಿರು ಬೇಸಿಗೆಯಲ್ಲಿಯೂ ಬರುತ್ತವೆ. ಆಗ ಅವುಗಳಿಗೆ ಬೇಕಾದುದು ನೀರು. ಕುಡಿಯುವ ನೀರಿನ ಕೊಡದ ಕೆಳಗೆ, ಬಚ್ಚಲ ಮೂಲೆಯಲ್ಲಿ ಅವು ಕಾಣಿಸುತ್ತವೆ.

ಇದು ಇರುವೆಯೇ, ಗೆದ್ದಲೇ?

ಮೊದಲು ನಾವು ಇರುವೆಯನ್ನು ಸರಿಯಾಗಿ ನೋಡಬೇಕು. ಇರುವೆಯ ದೇಹದಲ್ಲಿ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳು ಇವೆ. ಕಾಲುಗಳು ಆರು. ತಲೆಯ ಮೇಲೆ ಎರಡು ಮೀಸೆಗಳು. ಈ ಮೀಸೆಗಳು ನಮ್ಮ ಮೊಣಕೈಯಂತೆ ನಡುವೆ ಬಾಗಿರುತ್ತವೆ. ಎದೆಗೂ ಹೊಟ್ಟೆಗೂ ನಡುವೆ ಸಣ್ಣ ಸೊಂಟ ಇರುತ್ತದೆ.

ಮಳೆ ಬಂದ ಸಂಜೆ ದೀಪದ ಸುತ್ತ ರೆಕ್ಕೆಯ ಹುಳುಗಳು ಹಾರಾಡುತ್ತವೆ. ತಮಿಳಿನಲ್ಲಿ ಇವುಗಳನ್ನು ಈಸಲ್ ಎನ್ನುತ್ತಾರೆ. ಇವು ಹೆಚ್ಚಾಗಿ ರೆಕ್ಕೆ ಬಂದ ಗೆದ್ದಲುಗಳು. ಗೆದ್ದಲಿಗೆ ಸಣ್ಣ ಸೊಂಟ ಇಲ್ಲ. ಅದರ ಮೀಸೆ ಬಾಗಿರುವುದಿಲ್ಲ, ಮಣಿ ಪೋಣಿಸಿದ ದಾರದಂತೆ ನೇರವಾಗಿರುತ್ತದೆ. ನಾಲ್ಕು ರೆಕ್ಕೆಗಳೂ ಒಂದೇ ಉದ್ದ ಇರುತ್ತವೆ. ರೆಕ್ಕೆಯ ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಹಿಂದಿನ ರೆಕ್ಕೆ ಚಿಕ್ಕದು.

ಈ ವ್ಯತ್ಯಾಸವನ್ನು ಏಕೆ ತಿಳಿಯಬೇಕು? ಗೆದ್ದಲು ಬಾಗಿಲು, ಕಿಟಕಿ, ಪುಸ್ತಕಗಳನ್ನು ತಿಂದು ಹಾಳು ಮಾಡುತ್ತದೆ. ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆ ಕಂಡರೆ ಅದು ಗೆದ್ದಲಿನ ದಾರಿ. ಆಗ ಸಕ್ಕರೆ ಡಬ್ಬಿ ಮುಚ್ಚಿಟ್ಟರೆ ಪ್ರಯೋಜನವಿಲ್ಲ. ಕೂಡಲೇ ಮನೆಯ ಹಿರಿಯರಿಗೆ ತೋರಿಸಬೇಕು.

ನಮ್ಮ ಮನೆಗೆ ಬರುವ ಇರುವೆಗಳು

ಭಾರತದಲ್ಲಿ 800ಕ್ಕೂ ಹೆಚ್ಚು ಬಗೆಯ ಇರುವೆಗಳಿವೆ. ಆದರೆ ಮನೆಯೊಳಗೆ ಸಾಮಾನ್ಯವಾಗಿ ಬರುವವು ಕೆಲವೇ. ಬಣ್ಣ, ಗಾತ್ರ ಮತ್ತು ನಡಿಗೆಯಿಂದ ಅವುಗಳನ್ನು ಗುರುತಿಸಬಹುದು.

ಓಡುವ ಕಪ್ಪಿರುವೆ: ಉದ್ದ ಸುಮಾರು 3 ಮಿಲಿಮೀಟರು. ಕಾಲು ಮತ್ತು ಮೀಸೆ ತುಂಬ ಉದ್ದ. ನೇರವಾಗಿ ನಡೆಯದೆ ಅತ್ತ ಇತ್ತ ವೇಗವಾಗಿ ಓಡುತ್ತದೆ. ಇದರಿಂದ ನಮಗೆ ನೋವಾಗುವುದಿಲ್ಲ. ಇಂತಹ ಸಾಧು ಕಪ್ಪಿರುವೆಗಳನ್ನು ತಮಿಳಿನಲ್ಲಿ ಪಿಳ್ಳೈಯಾರ್ ಎರುಂಬು, ಎಂದರೆ ಗಣಪತಿ ಇರುವೆ ಎಂದು ಕರೆಯುತ್ತಾರೆ.

ಬಿಳಿ ಹೊಟ್ಟೆಯ ಪುಟ್ಟ ಇರುವೆ: ಇದು 2 ಮಿಲಿಮೀಟರಿಗಿಂತ ಚಿಕ್ಕದು. ತಲೆ ಕಪ್ಪು, ಹೊಟ್ಟೆ ಮತ್ತು ಕಾಲುಗಳು ಬಿಳಿಚು. ಬಿಳಿ ಗೋಡೆಯ ಮೇಲೆ ಹೋದರೆ ಕಪ್ಪು ಚುಕ್ಕೆಗಳು ಮಾತ್ರ ಓಡಿದಂತೆ ಕಾಣುತ್ತದೆ. ಸಕ್ಕರೆ ಡಬ್ಬಿಯ ಮುಚ್ಚಳದ ಸಂದಿಯಲ್ಲಿಯೂ ನುಸುಳುತ್ತದೆ.

ಸಣ್ಣ ಹಳದಿ ಇರುವೆ: ಇದೂ ಸುಮಾರು 2 ಮಿಲಿಮೀಟರು. ಮೈ ಹಳದಿ ಕಂದು ಬಣ್ಣ. ಸಿಹಿಯನ್ನೂ ತಿನ್ನುತ್ತದೆ, ಎಣ್ಣೆ ಮತ್ತು ಮಾಂಸವನ್ನೂ ತಿನ್ನುತ್ತದೆ. ಆಸ್ಪತ್ರೆಗಳಿಗೂ ಇದರ ಕಾಟ ಉಂಟು. ಕೊಳಕು ಜಾಗದಲ್ಲಿ ಓಡಾಡಿ ರೋಗಾಣುಗಳನ್ನು ಆಹಾರಕ್ಕೆ ತರುತ್ತದೆ.

ಕಚ್ಚುವ ಕೆಂಪಿರುವೆ: ಸುಮಾರು 3ರಿಂದ 5 ಮಿಲಿಮೀಟರು ಉದ್ದ. ಅಂಗಳದಲ್ಲಿ, ಗೋಡೆಯ ಬುಡದಲ್ಲಿ ಪುಡಿ ಮಣ್ಣಿನ ಗುಡ್ಡೆ ಮಾಡುತ್ತದೆ. ಗೂಡನ್ನು ತುಳಿದರೆ ನೂರಾರು ಇರುವೆಗಳು ಒಟ್ಟಿಗೆ ಕಾಲಿಗೆ ಹತ್ತುತ್ತವೆ. ಹಲ್ಲಿನಿಂದ ಹಿಡಿದು, ಹೊಟ್ಟೆಯ ತುದಿಯ ಮುಳ್ಳಿನಿಂದ ಚುಚ್ಚುತ್ತವೆ. ಚುಚ್ಚಿದ ಜಾಗ ಬೆಂಕಿ ತಗಲಿದಂತೆ ಉರಿಯುತ್ತದೆ.

ಗೊದ್ದ: ಇದು ದೊಡ್ಡ ಕಪ್ಪಿರುವೆ. ತಮಿಳಿನಲ್ಲಿ ಕಟ್ಟೆರುಂಬು. ಇದರ ಗೂಡು ಹೆಚ್ಚಾಗಿ ಮರದ ಬುಡದ ಮಣ್ಣಿನಲ್ಲಿ ಇರುತ್ತದೆ. ಇದಕ್ಕೆ ಚುಚ್ಚುವ ಮುಳ್ಳಿಲ್ಲ. ಆದರೆ ಮುಟ್ಟಿದರೆ ಗಟ್ಟಿಯಾಗಿ ಕಚ್ಚುತ್ತದೆ.

ಸಾಲಿನ ಗುಟ್ಟು

ಇರುವೆಗಳು ಸಾಲಾಗಿ ಹೋಗುವುದು ಹೇಗೆ? ಅವುಗಳಿಗೆ ದಾರಿ ತೋರಿಸುವವರು ಯಾರು?

ಮೊದಲು ಒಂದು ಇರುವೆ ಆಹಾರ ಹುಡುಕುತ್ತ ಒಂಟಿಯಾಗಿ ಬರುತ್ತದೆ. ಬೆಲ್ಲದ ಚೂರು ಸಿಕ್ಕಿತು ಎನ್ನೋಣ. ಅದು ಗೂಡಿಗೆ ಹಿಂದಿರುಗುವಾಗ ಹೊಟ್ಟೆಯ ತುದಿಯಿಂದ ನೆಲದ ಮೇಲೆ ಒಂದು ಬಗೆಯ ವಾಸನೆಯ ರಸವನ್ನು ಹಚ್ಚುತ್ತ ಹೋಗುತ್ತದೆ. ಗೂಡಿನ ಇತರ ಇರುವೆಗಳು ಮೀಸೆಯಿಂದ ಆ ವಾಸನೆಯನ್ನು ಹಿಡಿದು ಬೆಲ್ಲದ ಬಳಿಗೆ ಬರುತ್ತವೆ. ಅವೂ ಹಿಂದಿರುಗುವಾಗ ಅದೇ ರಸವನ್ನು ಹಚ್ಚುತ್ತವೆ. ಹೀಗೆ ದಾರಿಯ ವಾಸನೆ ಗಟ್ಟಿಯಾಗುತ್ತದೆ, ಸಾಲು ಉದ್ದವಾಗುತ್ತದೆ. ಬೆಲ್ಲ ಮುಗಿದ ಮೇಲೆ ಯಾರೂ ರಸ ಹಚ್ಚುವುದಿಲ್ಲ. ವಾಸನೆ ಆರಿಹೋಗುತ್ತದೆ, ಸಾಲೂ ಇಲ್ಲವಾಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಕಪ್ಪಿರುವೆಗಳ ಒಂದು ಸಾಲನ್ನು ಆರಿಸಿಕೊಳ್ಳಿ. ಕೆಂಪಿರುವೆಯ ಸಾಲು ಬೇಡ. ಸಾಲಿನ ನಡುವೆ ಎರಡು ಬೆರಳಗಲದ ಜಾಗವನ್ನು ಸೋಪಿನ ನೀರಿನ ಬಟ್ಟೆಯಿಂದ ಅಡ್ಡಲಾಗಿ ಒರೆಸಿ. ಇರುವೆಗಳು ಅಲ್ಲಿಗೆ ಬಂದು ನಿಲ್ಲುತ್ತವೆ. ಎಡಕ್ಕೆ ಬಲಕ್ಕೆ ತಿರುಗಿ ಹುಡುಕುತ್ತವೆ. ದಾರಿ ತಪ್ಪಿದ ನಮ್ಮಂತೆ ಗಾಬರಿಯಾಗುತ್ತವೆ. ಸ್ವಲ್ಪ ಹೊತ್ತಿನ ಬಳಿಕ ಯಾವುದಾದರೂ ಒಂದು ದಾಟುತ್ತದೆ, ಮತ್ತೆ ಸಾಲು ಕೂಡುತ್ತದೆ. ಬೆಲ್ಲ ಇನ್ನೂ ಅಲ್ಲಿಯೇ ಇದೆಯಲ್ಲವೇ?

ನಾವು ಮಾಡಬೇಕಾದುದು ಏನು?

ಇರುವೆ ಕಂಡ ಕೂಡಲೇ ಅದನ್ನು ಹೊಸಕಬೇಡಿ. ಸಾಲಿನ ಹಿಂದೆ ಹೋಗಿ ನೋಡಿ. ಸಾಲಿಗೆ ಎರಡು ತುದಿಗಳಿವೆ. ಒಂದು ತುದಿಯಲ್ಲಿ ಆಹಾರ, ಇನ್ನೊಂದು ತುದಿಯಲ್ಲಿ ಗೂಡು ಅಥವಾ ಒಳಗೆ ಬರುವ ಬಿರುಕು ಇರುತ್ತದೆ.

ಮೊದಲು ಆಹಾರವನ್ನು ತೆಗೆಯಿರಿ. ಚೆಲ್ಲಿದ ಸಕ್ಕರೆ, ಅನ್ನದ ಅಗುಳು, ಸತ್ತ ಜಿರಲೆ, ನಾಯಿಗೆ ಹಾಕಿದ ಊಟದ ತಟ್ಟೆ, ಯಾವುದೇ ಇರಲಿ, ಗುಡಿಸಿ ತೊಳೆಯಿರಿ. ಬೆಲ್ಲ, ಸಕ್ಕರೆಗಳನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಇಡಿ. ಡಬ್ಬಿಯ ಹೊರಗೆ ಅಂಟಿದ ಸಿಹಿಯನ್ನೂ ಒರೆಸಿ.

ಎರಡನೆಯದಾಗಿ ದಾರಿಯನ್ನು ಅಳಿಸಿ. ಸಾಲು ಹೋದ ಉದ್ದಕ್ಕೂ ಸೋಪಿನ ನೀರಿನಿಂದ ಒರೆಸಬೇಕು. ಬರೀ ಗುಡಿಸಿದರೆ ಇರುವೆ ಹೋಗುತ್ತದೆ, ವಾಸನೆ ಉಳಿಯುತ್ತದೆ.

ಮೂರನೆಯದಾಗಿ ಬಾಗಿಲು ಮುಚ್ಚಿ. ಇಲ್ಲಿ ಬಾಗಿಲು ಎಂದರೆ ಇರುವೆಯ ಬಾಗಿಲು! ಗೋಡೆಯ ಬಿರುಕು, ಕಿಟಕಿಯ ಸಂದಿಗಳನ್ನು ಸಿಮೆಂಟಿನಿಂದ ಮುಚ್ಚುವಂತೆ ಹಿರಿಯರನ್ನು ಕೇಳಿ. ಗೋಡೆಗೆ ತಾಗುವ ಗಿಡದ ಕೊಂಬೆಗಳನ್ನು ಕತ್ತರಿಸಬೇಕು. ಅವು ಇರುವೆಗಳಿಗೆ ಸೇತುವೆ.

ನಾಲ್ಕನೆಯದಾಗಿ ನೀರಿನ ಕಾವಲು ಇಡಿ. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಹಾಲಿನ ಪಾತ್ರೆಯನ್ನು ಇಟ್ಟರೆ ಇರುವೆ ಬಾರದು. ಪಾತ್ರೆ ತಟ್ಟೆಯ ಅಂಚಿಗೆ ತಾಗಬಾರದು. ಈ ನೀರನ್ನು ದಿನವೂ ಚೆಲ್ಲಿ ಹೊಸ ನೀರು ಹಾಕಬೇಕು. ವಾರಗಟ್ಟಲೆ ನಿಂತ ನೀರಿನಲ್ಲಿ ಡೆಂಗಿ ಜ್ವರ ಹರಡುವ ಸೊಳ್ಳೆ ಬೆಳೆಯುತ್ತದೆ.

ಸಕ್ಕರೆಗೆ ಇರುವೆ ಮುತ್ತಿದ್ದರೆ ತಟ್ಟೆಯಲ್ಲಿ ಹರಡಿ ಬಿಸಿಲಿಗೆ ಇಡಿ. ಇರುವೆಗಳು ತಾವಾಗಿಯೇ ಹೊರಟುಹೋಗುತ್ತವೆ. ಅರಿಶಿನ ಪುಡಿಯ ಗೆರೆಯೂ ಅವುಗಳನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಆದರೆ ಬೆಲ್ಲ ತೆರೆದೇ ಇದ್ದರೆ ಅವು ಬೇರೆ ದಾರಿ ಹುಡುಕುತ್ತವೆ.

ಮನೆಯಲ್ಲಿ ಪುಟ್ಟ ತಮ್ಮ ಅಥವಾ ತಂಗಿ ಇದ್ದರೆ ಇನ್ನೊಂದು ಕೆಲಸ ನಿಮ್ಮದು. ಸೀರೆಯ ಜೋಲಿಯಲ್ಲಿ ಮಗು ಮಲಗಿರುತ್ತದೆ. ಅದರ ಬಾಯಿಯ ಸುತ್ತ ಹಾಲಿನ ವಾಸನೆ ಇರುತ್ತದೆ. ಮೇಲಿನ ಹಗ್ಗದ ಮೂಲಕ ಇರುವೆ ಇಳಿದು ಬರಬಹುದು. ಮಗುವಿಗೆ ಹೇಳಲೂ ಬಾರದು, ಏಳಲೂ ಬಾರದು. ಆದುದರಿಂದ ಮಲಗಿಸುವ ಮೊದಲು ಮಗುವಿನ ಬಾಯನ್ನು ಒದ್ದೆ ಬಟ್ಟೆಯಿಂದ ಒರೆಸುವಂತೆ ಅಮ್ಮನಿಗೆ ನೆನಪಿಸಿ. ಹಗ್ಗವನ್ನೂ ಬಟ್ಟೆಯನ್ನೂ ಆಗಾಗ ನೋಡುತ್ತಿರಿ. ಮಗು ಕಾರಣವಿಲ್ಲದೆ ಚೀರಿದರೆ ಮೊದಲು ಬಟ್ಟೆ ಬಿಡಿಸಿ ನೋಡಬೇಕು.

ಈ ಸೀಮೆಸುಣ್ಣ ಬರೆಯಲು ಅಲ್ಲ

ಅಂಗಡಿಯಲ್ಲಿ ಇರುವೆ ಕೊಲ್ಲುವ ಸೀಮೆಸುಣ್ಣ ಸಿಗುತ್ತದೆ. ನೋಡಲು ಅದು ಶಾಲೆಯ ಸೀಮೆಸುಣ್ಣದಂತೆಯೇ ಬೆಳ್ಳಗೆ ಇರುತ್ತದೆ. ಆದರೆ ಅದರಲ್ಲಿ ಕೀಟಗಳನ್ನು ಕೊಲ್ಲುವ ವಿಷ ಸೇರಿದೆ. ಅದನ್ನು ಕೈಯಲ್ಲಿ ಹಿಡಿಯಬೇಡಿ. ಅದರಿಂದ ನೆಲದ ಮೇಲೆ ಚಿತ್ರ ಬರೆಯಬೇಡಿ. ಚಿಕ್ಕ ಮಕ್ಕಳು ಬಳಪವೆಂದು ಬಾಯಿಗೆ ಹಾಕಿಕೊಳ್ಳುವ ಅಪಾಯ ಉಂಟು. ಇರುವೆ ಪುಡಿಯೂ ಹಾಗೆಯೇ. ನೋಡಿದವರು ಹಿಟ್ಟು ಎಂದು ತಿಳಿಯಬಹುದು. ಇಂತಹ ವಸ್ತುಗಳು ಅಡುಗೆಯ ಸಾಮಾನಿನ ಜೊತೆ ಇರಬಾರದು. ಎತ್ತರದಲ್ಲಿ, ಬೀಗ ಹಾಕಿದ ಜಾಗದಲ್ಲಿ ಇರಬೇಕು.

ಯಾರಾದರೂ ತಿಳಿಯದೆ ತಿಂದರೆ ಒತ್ತಾಯದಿಂದ ವಾಂತಿ ಮಾಡಿಸಬಾರದು. ಕೂಡಲೇ ದೊಡ್ಡವರನ್ನು ಕೂಗಿ. 108ಕ್ಕೆ ಫೋನ್ ಮಾಡಿಸಿ. ಆ ವಸ್ತುವಿನ ಪೊಟ್ಟಣವನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಬೇಕು. ಯಾವ ವಿಷ ಎಂದು ವೈದ್ಯರಿಗೆ ತಿಳಿಯಲು ಅದು ಸಹಾಯಕ. ಗೂಡಿಗೆ ಸೀಮೆಎಣ್ಣೆ ಸುರಿದು ಬೆಂಕಿ ಇಡುವುದೂ ಅಪಾಯವೇ.

ವಿಷದಿಂದ ಇರುವೆ ಪೂರ್ತಿ ಹೋಗುವುದೇ? ನಮಗೆ ಕಾಣುವ ಸಾಲು ಗೂಡಿನ ಒಂದು ಸಣ್ಣ ಭಾಗ ಮಾತ್ರ. ಮೊಟ್ಟೆ ಇಡುವ ರಾಣಿ ಒಳಗೇ ಇರುತ್ತದೆ. ಹಳದಿ ಇರುವೆಯ ಗೂಡಿನಲ್ಲಿ ಹಲವು ರಾಣಿಗಳು ಇರುತ್ತವೆ. ವಿಷ ಸಿಂಪಡಿಸಿದರೆ ಗೂಡು ಒಡೆದು, ರಾಣಿಗಳು ಬೇರೆ ಬೇರೆ ಕಡೆ ಹೋಗಿ ಹೊಸ ಗೂಡು ಮಾಡುತ್ತವೆ. ಒಂದು ಗೂಡು ಇದ್ದಲ್ಲಿ ಮೂರು ಆಗಬಹುದು! ಅದಕ್ಕಾಗಿಯೇ ತಿಳಿದವರು ಸಿಹಿಯಲ್ಲಿ ತೀರ ಕಡಿಮೆ ಮದ್ದು ಬೆರೆಸಿ ಇಡುತ್ತಾರೆ. ಕೆಲಸದ ಇರುವೆಗಳು ಅದನ್ನು ಗೂಡಿಗೆ ಒಯ್ದು ರಾಣಿಗೂ ಉಣಿಸುತ್ತವೆ. ಇದು ದೊಡ್ಡವರ ಕೆಲಸ. ಮಕ್ಕಳು ಮಾಡಬಾರದು.

ಇರುವೆ ಕಚ್ಚಿದರೆ

ಕೆಂಪಿರುವೆ ಹತ್ತಿದರೆ ಮೊದಲು ಗೂಡಿನಿಂದ ದೂರ ಓಡಿ. ಇರುವೆಗಳನ್ನು ಬಟ್ಟೆಯಿಂದ ಒರೆಸಿ ಬೀಳಿಸಿ. ಆ ಜಾಗವನ್ನು ಸೋಪು ಮತ್ತು ನೀರಿನಿಂದ ತೊಳೆಯಿರಿ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಇಟ್ಟರೆ ಉರಿ ಕಡಿಮೆಯಾಗುತ್ತದೆ. ಕೆರೆಯಬಾರದು. ಮುಖ, ತುಟಿ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಇರುವೆಯ ರಸ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಿಗೆ ತೋರಿಸಿ.

ಕರಂದಮಲೆಯ ಹಳ್ಳಿಗಳು

ಇರುವೆ ಇಷ್ಟು ಚಿಕ್ಕದು, ಅದರಿಂದ ಏನಾದೀತು ಎಂದು ಕೆಲವರು ಕೇಳುತ್ತಾರೆ. ತೇನಿಯ ಪಕ್ಕದ ದಿಂಡಿಗಲ್ ಜಿಲ್ಲೆಯ ಜನರು ಹಾಗೆ ಕೇಳುವುದಿಲ್ಲ.

ದಿಂಡಿಗಲ್ ಜಿಲ್ಲೆಯ ನತ್ತಂ ಬಳಿ ಕರಂದಮಲೆ ಎಂಬ ಕಾಡು ಬೆಟ್ಟ ಇದೆ. 2022ರಲ್ಲಿ ಈ ಬೆಟ್ಟದ ಸುತ್ತಲಿನ ಏಳು ಹಳ್ಳಿಗಳ ಜನರು ಒಂದು ಬಗೆಯ ಇರುವೆಯಿಂದ ಬಹಳ ಕಷ್ಟಪಟ್ಟರು. ಅದು ಸುಮಾರು 4ರಿಂದ 5 ಮಿಲಿಮೀಟರು ಉದ್ದದ ಹಳದಿ ಇರುವೆ. ಮನೆಯ ಸಣ್ಣ ಹಳದಿ ಇರುವೆಯೇ ಬೇರೆ, ಇದೇ ಬೇರೆ. ಇದರ ಕಾಲುಗಳು ಉದ್ದ. ಗೊತ್ತು ಗುರಿ ಇಲ್ಲದಂತೆ ಓಡುವುದರಿಂದ ವಿಜ್ಞಾನಿಗಳು ಇದನ್ನು ಹಳದಿ ಹುಚ್ಚಿರುವೆ ಎನ್ನುತ್ತಾರೆ. ಇದು ಚುಚ್ಚುವುದಿಲ್ಲ. ಫಾರ್ಮಿಕ್ ಆಮ್ಲ ಎಂಬ ಸುಡುವ ರಸವನ್ನು ಚಿಮ್ಮಿಸುತ್ತದೆ. ಆಡು, ದನಗಳು ಮೇಯಲು ಹೋದಾಗ ಇರುವೆಗಳು ಗುಂಪಾಗಿ ಅವುಗಳ ಮೇಲೆ ಹತ್ತಿದವು. ಎಷ್ಟೋ ಪ್ರಾಣಿಗಳ ಕಣ್ಣು ಹಾಳಾಯಿತು. ಜನರು ಕಾಡಿನ ಕಡೆಗೆ ದನ ಹೊಡೆದುಕೊಂಡು ಹೋಗಲು ಹೆದರಿದರು. ಕಾಡಿನ ಬಳಿ ಮನೆ ಮಾಡಿಕೊಂಡಿದ್ದ ಕೆಲವರು ಮನೆಯನ್ನೇ ಬಿಟ್ಟು ಬಂದರು.

ಈ ಇರುವೆ ಬೇರೆ ದೇಶಗಳಲ್ಲಿಯೂ ಹಾನಿ ಮಾಡಿದೆ. ಹಿಂದೂ ಮಹಾಸಾಗರದಲ್ಲಿ ಆಸ್ಟ್ರೇಲಿಯಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪ ಇದೆ. ಅಲ್ಲಿ ಕೆಂಪು ಏಡಿಗಳು ತುಂಬ. ಹಳದಿ ಹುಚ್ಚಿರುವೆಗಳು ಅಲ್ಲಿ ಕೋಟಿಗೂ ಹೆಚ್ಚು ಏಡಿಗಳನ್ನು ಕೊಂದವು. ಇಷ್ಟೊಂದು ಇರುವೆಗಳಿಗೆ ಆಹಾರ ಎಲ್ಲಿಂದ ಬಂತು? ವಿಜ್ಞಾನಿಗಳು ಹುಡುಕಿದರು. ಮರದ ರೆಂಬೆಗಳಿಗೆ ಅಂಟಿಕೊಂಡು ರಸ ಹೀರುವ ಒಂದು ಸಣ್ಣ ಕೀಟ ಇತ್ತು. ಅದರ ಮೈಯಿಂದ ಹೊರಬರುವ ಸಿಹಿ ಅಂಟೇ ಇರುವೆಗಳ ಊಟ. 2016ರಲ್ಲಿ ವಿಜ್ಞಾನಿಗಳು ಆ ಕೀಟವನ್ನು ನಾಶ ಮಾಡುವ ಒಂದು ಪುಟ್ಟ ಕಣಜವನ್ನು ಮಲೇಷ್ಯಾದಿಂದ ತಂದು ಬಿಟ್ಟರು. ಇರುವೆಗಳ ಊಟವನ್ನು ನಿಲ್ಲಿಸುವುದೇ ಅವರ ಉದ್ದೇಶ.

ನೋಡಿದಿರಾ? ದೊಡ್ಡ ದ್ವೀಪದಲ್ಲಿ ವಿಜ್ಞಾನಿಗಳು ಮಾಡಿದ್ದೂ, ಚಿಕ್ಕ ಅಡುಗೆಮನೆಯಲ್ಲಿ ನೀವು ಬೆಲ್ಲದ ಡಬ್ಬಿಯನ್ನು ಮುಚ್ಚುವುದೂ ಒಂದೇ ಬಗೆಯ ಕೆಲಸ. ನಮ್ಮ ತೋಟಗಳಿಗೂ ಇದೇ ಮಾತು ಸಲ್ಲುತ್ತದೆ. ದ್ರಾಕ್ಷಿ ಬಳ್ಳಿಯ ಮೇಲೆ ಇರುವೆಗಳು ಹೆಚ್ಚಾಗಿ ಓಡಾಡಿದರೆ ರೈತರು ಬಳ್ಳಿಯನ್ನು ಬಿಡಿಸಿ ನೋಡುತ್ತಾರೆ. ಅಲ್ಲಿ ಬೆಳ್ಳಗಿನ ಹಿಟ್ಟಿನಂತಹ ತಿಗಣೆಗಳು ಇರಬಹುದು. ಅವುಗಳ ಸಿಹಿ ಅಂಟಿಗಾಗಿಯೇ ಇರುವೆಗಳು ಬಂದಿರುತ್ತವೆ.

ಎಲ್ಲ ಇರುವೆಗಳನ್ನೂ ಕೊಲ್ಲಬೇಕೇ?

ಬೇಡ. ಇರುವೆಗಳು ಸತ್ತ ಹುಳುಗಳನ್ನು ಎಳೆದುಕೊಂಡು ಹೋಗಿ ನೆಲವನ್ನು ಶುಚಿ ಮಾಡುತ್ತವೆ. ನೆಲವನ್ನು ಕೊರೆದು ಮಣ್ಣಿನೊಳಗೆ ಗಾಳಿ, ನೀರು ಹೋಗುವಂತೆ ಮಾಡುತ್ತವೆ. ಗೆದ್ದಲನ್ನು ತಿನ್ನುವ ಇರುವೆಗಳೂ ಇವೆ. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಗಳು ಮರದ ಹುಳುಗಳನ್ನು ಹಿಡಿದು ತಿನ್ನುತ್ತವೆ.

ನಮ್ಮ ಹಿರಿಯರು ಮುಂಜಾನೆ ಹೊಸ್ತಿಲ ಮುಂದೆ ಅಕ್ಕಿ ಹಿಟ್ಟಿನಿಂದ ರಂಗೋಲಿ ಹಾಕುತ್ತಾರೆ. ಇರುವೆಗಳು ಬಂದು ಆ ಹಿಟ್ಟನ್ನು ತಿನ್ನುತ್ತವೆ. ಇರುವೆಗೂ ಒಂದು ತುತ್ತು ಇರಲಿ, ಅದು ಅಂಗಳದಲ್ಲಿ ಇರಲಿ ಎಂಬುದು ಒಳ್ಳೆಯ ಯೋಚನೆಯಲ್ಲವೇ?

ಮಕ್ಕಳೇ, ಇನ್ನು ಮುಂದೆ ಮನೆಯಲ್ಲಿ ಇರುವೆಯ ಸಾಲು ಕಂಡರೆ ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಇರುವೆಯ ಬಣ್ಣ ಯಾವುದು? ಅದು ಎಷ್ಟು ದೊಡ್ಡದು? ಎಲ್ಲಿಂದ ಬಂತು? ಏನನ್ನು ಒಯ್ಯುತ್ತಿದೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಆಮೇಲೆ ಬರೆದುದನ್ನು ಅಮ್ಮನಿಗೋ ಅಜ್ಜಿಗೋ ಓದಿ ಹೇಳಿ. ಬಳಿಕ ಎಲ್ಲರೂ ಸೇರಿ ಚೆಲ್ಲಿದ ಸಿಹಿಯನ್ನು ಒರೆಸಿ, ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿ.